ಎರಡನೇ ಮಹಡಿಯ ಪ್ರಿಂಟರ್

‘ಪ್ರಿಂಟರ್ ಸಿಗುತ್ತಿಲ್ಲ’ ಎಂದಿತು ಪರದೆ, ನಾಲ್ಕನೇ ಸಲ.

“ಏನೇ, ಆಯ್ತಾ?” ಬಾಗಿಲ ಚೌಕಟ್ಟಿಗೆ ಒರಗಿದ್ದ ತಾರ್ಮೊ ಕೇಳಿದ.

“ಹುಡುಕ್ತಾ ಇದೆ.”

“ಅದು ಹುಡುಕ್ತಾ ಇದೆಯೋ, ನೀನು ಆಟ ಆಡ್ತಾ ಇದ್ದೀಯೋ? ಶಾಲೆ ಆಫೀಸಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿದೆ ಅಂತ ಜಂಬ ಕೊಚ್ಚಿಕೊಳ್ತಿದ್ದೆ.”

ವೆಲ್ಲಮೊ ಮತ್ತೆ ‘ಹುಡುಕು’ ಒತ್ತಿದಳು. ಆ ಕೆಲಸ ಬಿಡಿಸಿದವನು ಗಂಡನೇ. ಆಮೇಲೆ ಫೋನು ಹೋಯಿತು. ಅದರ ಹಿಂದೆಯೇ ಮನೆಯ ಕೀಲಿ. ಅವಳು ಹೊಸ್ತಿಲು ದಾಟಿ ಇಂದಿಗೆ ಹದಿನೆಂಟು ದಿನ. ಕೀಲಿ ಅವನ ಜೇಬಿನಲ್ಲಿ, ಬೇಟೆಯ ಬಂದೂಕು ಮಲಗುವ ಕೋಣೆಯ ಕಪಾಟಿನಲ್ಲಿ. ಬಾಗಿಲಿಗೆ ಪೊಲೀಸರು ಬಂದರೆ ಮೊದಲ ಗುಂಡು ಯಾರಿಗೆ ಎಂಬುದನ್ನು ಅವನು ಆಲೂಗಡ್ಡೆ ಸುಲಿಯುತ್ತಲೇ, ದನಿ ಏರಿಸದೆ ಹೇಳಿದ್ದ.

ಕಂಪ್ಯೂಟರ್ ಮುಟ್ಟಲು ಬಿಟ್ಟದ್ದೂ ಇವತ್ತು ಮಾತ್ರ. ಕಡವೆ ಬೇಟೆಯ ತಂಡಕ್ಕೆ ಅವನ ಅರ್ಜಿ ಹೋಗಬೇಕು. ತಂಡದ ಮುಖ್ಯಸ್ಥ ಹಳೆಯ ಕಾಲದ ಮುದುಕ, ಕಾಗದವೇ ಬೇಕೆನ್ನುವವನು. ಅವಳು ಇಂಟರ್ನೆಟ್ಟಿನಲ್ಲಿ ಏನು ತೆರೆದರೂ ಅವನ ಫೋನು ಕುಂಯ್ ಎನ್ನುವಂತೆ ಮಾಡಿಟ್ಟಿದ್ದ. ಪ್ರಿಂಟರಿನ ಬಗ್ಗೆ ಮಾತ್ರ ಅವನಿಗೆ ಏನೂ ಗೊತ್ತಿರಲಿಲ್ಲ.

“ಕಾಫಿ ಹಾಕ್ತೀನಿ. ನಾನು ಬರೋ ಹೊತ್ತಿಗೆ ಆಗಿರಬೇಕು,” ಎಂದು ಅಡುಗೆಮನೆಗೆ ಹೋದ.

ಅವಳು ಪಟ್ಟಿಯನ್ನು ಹೊಸದಾಗಿ ತೆರೆದಳು. ಒಂದು ಹೆಸರು ಬಂತು. ಅದನ್ನೇ ಒತ್ತಿದಳು. ‘ಮುದ್ರಣ ಮುಗಿಯಿತು’ ಎಂದಿತು ಪರದೆ. ಪಕ್ಕದ ಪ್ರಿಂಟರ್ ಅಲುಗಲೇ ಇಲ್ಲ. ಹೆಸರನ್ನು ಈಗ ಸರಿಯಾಗಿ ಓದಿದಳು: ‘ರಾಂತಲ, ಎರಡನೇ ಮಹಡಿ’.

ಕಟ್ಟಡದ ಸಂಘದವರು ಎಲ್ಲ ಮನೆಗಳಿಗೂ ಸೇರಿಸಿ ಒಂದೇ ವೈಫೈ ಜಾಲ ಹಾಕಿಸಿದ್ದರು. ಗಂಡನ ಅರ್ಜಿ ಕೆಳಗಿನ ಮನೆಯಲ್ಲಿ ಹೊರಬಿದ್ದಿತ್ತು.

ರಾಂತಲ ಎಂದರೆ ನಿವೃತ್ತ ರೈಲು ಚಾಲಕ. ಒಂಟಿ ಜೀವ. ನಾಲ್ಕು ವರ್ಷದಲ್ಲಿ ಅವರಿಂದ ಕೇಳಿದ್ದು ಒಂದೆರಡು ‘ಹೂಂ’ ಅಷ್ಟೇ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ, ಅದು ದಾಟಿಹೋಗುವವರೆಗೆ ಬಾಗಿಲ ಹಿಂದೆ ಕಾಯುವವರು. ಅದರಲ್ಲಿ ವಿಶೇಷವೇನೂ ಇಲ್ಲ ಅನ್ನಿ. ಕಾಯಾನಿ ಎಂಬ ಆ ಊರಿನಲ್ಲಿ ಎಲ್ಲರೂ ಹಾಗೆಯೇ. ನೆರೆಯವರಿಗೆ ತೊಂದರೆ ಕೊಡದಿರುವುದೇ ಮರ್ಯಾದೆ.

ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದಾಯಿತು. ವೆಲ್ಲಮೊ ಬೆರಳು ಓಡಿಸಿದಳು.

‘ಮೂರನೇ ಮಹಡಿ. ಗಂಡ ಕೂಡಿಹಾಕಿದ್ದಾನೆ. ಬಂದೂಕಿದೆ. ಪೊಲೀಸರನ್ನು ನಮ್ಮ ಬಾಗಿಲಿಗೆ ಕಳಿಸಬೇಡಿ, ಕೊಂದುಬಿಡುತ್ತಾನೆ. ದಯವಿಟ್ಟು ಏನಾದರೂ ಮಾಡಿ. ವೆಲ್ಲಮೊ.’

ಒತ್ತಿದಳು. ಬರೆದದ್ದನ್ನು ಅಳಿಸಿದಳು. ‘ಮುದ್ರಣ ಮುಗಿಯಿತು’ ಎಂಬ ಮಾತು ಬಂತೋ ಇಲ್ಲವೋ ನೋಡಲು ಸಮಯ ಸಿಗಲಿಲ್ಲ. ತಾರ್ಮೊ ಬೆನ್ನ ಹಿಂದೆ ನಿಂತಿದ್ದ.

“ಏನದು ಟಕಟಕ?”

“ವಿಳಾಸ. ಗುರುವಾರ ಕರೆಂಟ್ ಹೋಗಿತ್ತಲ್ಲ, ಪ್ರಿಂಟರಿಗೆ ನೆಟ್‌ವರ್ಕಲ್ಲಿ ಹೊಸ ವಿಳಾಸ ಸಿಕ್ಕಿದೆ. ಕಂಪ್ಯೂಟರ್ ಹಳೇದಕ್ಕೇ ಕಳಿಸ್ತಿತ್ತು.”

ಹೇಳಿದ್ದು ನಿಜವೇ. ಹೊಸ ವಿಳಾಸ ಹಾಕಿದಳು. ಪಕ್ಕದ ಪ್ರಿಂಟರ್ ಗೊರಗೊರ ಎಂದು ಅರ್ಜಿಯನ್ನು ಉಗುಳಿತು.

“ನೋಡಿದ್ಯಾ, ಹಿಂದೆ ಒಬ್ಬ ನಿಂತ್ರೆ ನಿನ್ನ ತಲೆ ಓಡುತ್ತೆ,” ಎಂದು ಅವನು ಕಂಪ್ಯೂಟರ್ ಮುಚ್ಚಿದ.

ಅರ್ಧ ಗಂಟೆ ಕಳೆಯಿತು. ಒಂದು ಗಂಟೆಯೂ ಕಳೆಯಿತು. ವೆಲ್ಲಮೊ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಆಗ ಕರೆಗಂಟೆ ಬಾರಿಸಿತು. ಆ ಬಾಗಿಲ ಗಂಟೆ ಬಾರಿಸಿ ಎಷ್ಟು ತಿಂಗಳಾಗಿತ್ತೋ.

ತಾರ್ಮೊ ಮಲಗುವ ಕೋಣೆಯತ್ತ ಒಮ್ಮೆ ನೋಡಿ, ಬಾಗಿಲ ಕಿಂಡಿಗೆ ಕಣ್ಣಿಟ್ಟ. “ಕೆಳಗಿನ ಮುದುಕ,” ಎಂದು ಕೀಲಿ ತಿರುಗಿಸಿದ.

ರಾಂತಲ ಮಡಿಸಿದ ಕಾಗದ ಹಿಡಿದು ನಿಂತಿದ್ದರು. ನೋಟ ಅವರ ಪಾದದ ಮೇಲೆಯೇ ಇತ್ತು.

“ಇದು ನಿಮ್ಮದಿರಬೇಕು. ತಪ್ಪಿ ನನ್ನ ಪ್ರಿಂಟರಿಗೆ ಬಂದಿತ್ತು. ಹೆಸರು ನೋಡಿದೆ, ಅಷ್ಟೇ. ಒಬ್ಬರ ಕಾಗದ ಓದೋ ಅಭ್ಯಾಸ ನನಗಿಲ್ಲ.”

ವೆಲ್ಲಮೊ ಆ ಕಾಗದವನ್ನೇ ದಿಟ್ಟಿಸಿದಳು. ತಾರ್ಮೊ ಮಡಿಕೆ ಬಿಚ್ಚಿದ. ಒಂದೇ ಹಾಳೆ. ಬೇಟೆಯ ಅರ್ಜಿ.

“ಬೇರೆ ಏನಾದ್ರೂ ಬಂತಾ?”

“ಎಲ್ಲಿ ಬರುತ್ತೆ? ಇದೊಂದು ಬಂತು, ಕೆಂಪು ದೀಪ ಹತ್ತಿ ಕೂತಿದೆ. ಇನ್ನೊಂದೇನೋ ಒಳಗೇ ಸಿಕ್ಕಿಕೊಂಡ ಹಾಗಿದೆ.” ರಾಂತಲ ಗಂಟಲು ಸರಿಮಾಡಿಕೊಂಡರು. “ನಿಮ್ಮ ಕಡೆಯಿಂದ ಆದದ್ದು. ಬಂದು ಸರಿಮಾಡಿಕೊಡಿ. ಇಬ್ಬರೂ ಬನ್ನಿ, ಕಾಫಿ ಹಾಕಿದ್ದೀನಿ. ಬನ್ನೂ ಇದೆ, ಬಿಸಿ ಬಿಸಿ.”

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ತಾರ್ಮೊ ಅರ್ಜಿಯನ್ನು ಮತ್ತೆ ಮಡಿಸಿದ. ನೆರೆಯವನು ಕಾಫಿ ಹಾಕಿ ಮನೆ ಬಾಗಿಲಿಗೆ ಬಂದು ಕರೆದಿದ್ದಾನೆ. ಒಲ್ಲೆ ಎನ್ನುವುದನ್ನು ಅಲ್ಲಿನವರಿಗೆ ಯಾರೂ ಕಲಿಸಿರುವುದಿಲ್ಲ.

“ಎರಡು ನಿಮಿಷ,” ಎಂದು ಶೂ ಮೆಟ್ಟಿದ. ಹೆಂಡತಿಯ ತೋಳನ್ನು ಹಿಡಿದು ಕಿವಿಯಲ್ಲಿ ಅಂದ, “ನೀನು ಮುಟ್ಟಬೇಡ. ಸಿಕ್ಕಿಕೊಂಡಿರೋ ಹಾಳೆ ನಾನೇ ಎಳೀತೀನಿ.”

ಹದಿನಾರು ಮೆಟ್ಟಿಲು. ಹದಿನೆಂಟು ದಿನಗಳ ನಂತರ ಹೊರಗಿನ ಗಾಳಿ ತಾಗಿತು. ಅವಳಿಗೆ ಅದು ಬೇಕಿರಲಿಲ್ಲ. ಆ ಯಂತ್ರದ ಹೊಟ್ಟೆಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಅವಳಿಗೆ ಗೊತ್ತಿತ್ತು. ಅವನು ಎಳೆಯುತ್ತಾನೆ. ಮೊದಲ ಸಾಲಿನಲ್ಲೇ ಅವನಿಗೆ ತಿಳಿದುಹೋಗುತ್ತದೆ. ಇನ್ನು ಹತ್ತು ಮೆಟ್ಟಿಲು. ಮಾತು ಗೊತ್ತಿಲ್ಲದ ಆ ಮುದುಕ ಒಳ್ಳೆಯ ಮನಸ್ಸಿನಿಂದಲೇ ತನ್ನನ್ನು ಸಾವಿನ ಬಾಯಿಗೆ ಕರೆದೊಯ್ಯುತ್ತಿದ್ದಾನೆ. ಇನ್ನು ಐದು. ಓಡೋಣವೆಂದರೆ ತೋಳಿನ ಮೇಲೆ ತಾರ್ಮೊನ ಹಿಡಿತ.

ರಾಂತಲ ಬಾಗಿಲು ನೂಕಿ ಪಕ್ಕಕ್ಕೆ ನಿಂತರು. ತಾರ್ಮೊ ಮೊದಲು ಒಳಗೆ ಹೋದ. ಎಲ್ಲರೂ ಮಾಡುವಂತೆ ಹೆಂಡತಿಯ ತೋಳು ಬಿಟ್ಟು, ಶೂ ಬಿಚ್ಚಲು ಎರಡೂ ಕೈ ಕೆಳಗಿಟ್ಟು ಬಗ್ಗಿದ.

ಬಾಗಿಲ ಹಿಂದೆ, ಬರಿಯ ಕಾಲುಚೀಲದಲ್ಲಿ, ಸದ್ದಿಲ್ಲದೆ ಇಬ್ಬರು ಪೊಲೀಸರು ನಿಂತಿದ್ದರು. ಒಬ್ಬಳ ಕೈಯಲ್ಲಿ ವೆಲ್ಲಮೊಳ ಕಾಗದವಿತ್ತು.