ಆದಿಕವಿಯ ವಿಶ್ರಾಂತಿ

ಬೊನಿಫಾಸ್ ಪಾದ್ರಿಯಾಗಲು ಹೋಗಿ, ಸೆಮಿನರಿಯನ್ನು ಅರ್ಧಕ್ಕೇ ಬಿಟ್ಟು ಬಂದು ಮದುವೆಯಾದವನು. ಅಲ್ಲಿಂದ ತಂದದ್ದು ನಾಲ್ಕಾರು ಲ್ಯಾಟಿನ್ ಶಬ್ದ ಮಾತ್ರ. ಅವನ್ನೇ ಯಾವನೋ ಲ್ಯಾಟಿನ್ ಆದಿಕವಿಯ ನುಡಿಮುತ್ತುಗಳೆಂದು ಉದುರಿಸಿ ಮನೆಗೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದ.

ಆ ಭಾನುವಾರ ಹಂದಿಮಾಂಸದ ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಹೆಂಡತಿ ಕರೆದಳು. "ಸಂಜೆಗೆ ಸ್ವಲ್ಪ ತೆಂಗಿನಕಾಯಿ ಹೆರೆದು ಕೊಡಿ ಮಾರಾಯ್ರೆ."

"ಆದಿಕವಿ ಎಂತ ಹೇಳಿದ್ದಾನೆ ಗೊತ್ತುಂಟಾ? ರೆಕ್ವಿಯೆಂ! ಅಂದ್ರೆ, ಉಂಡ ಗಂಡಸಿಗೆ ವಿಶ್ರಾಂತಿ ಕೊಡಿ ಅಂತ."

ಹೆಂಡತಿ ತಾನೇ ಹೆರೆಮಣೆ ಎಳೆದುಕೊಂಡಳು. ಇಗರ್ಜಿಯಲ್ಲಿ ಹಾಡಿ ಹಾಡಿಯೇ ಮುದುಕಿಯಾದ ಅತ್ತೆ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ನಿನಗೆ ಅದೇ ವಿಶ್ರಾಂತಿ ಬೇಕಾ ಮಗಾ?" ಎಂದು ಕೇಳಿದರು.

"ಅದೇ ಬೇಕು ಅತ್ತೆ!" ಎಂದವನೇ ಹೋಗಿ ಬಿದ್ದುಕೊಂಡ.

ಎಚ್ಚರವಾದಾಗ ಮೈಮೇಲೆ ಬಿಳಿ ಬಟ್ಟೆ ಹೊದೆಸಿತ್ತು. ತಲೆದೆಸೆಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಪಕ್ಕದಲ್ಲಿ ಅತ್ತೆ ಜಪಮಾಲೆ ಹಿಡಿದು ಕೂತಿದ್ದರು. ಬೊನಿಫಾಸ್ ಗಡಬಡಿಸಿ ಎದ್ದು ಕೂತ.

"ಮಲಗು ಮಗಾ," ಎಂದರು ಅತ್ತೆ. "ಆ ರೆಕ್ವಿಯೆಂ ನಾವು ಹಾಡುವುದು ಹೆಣದ ಮುಂದೆ. ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ನಡುವಲ್ಲಿ ಎದ್ದು ಕೂತದ್ದಿಲ್ಲ."