ಚಿಕ್ಕಪ್ಪ ಕೂರುತ್ತಿದ್ದ ಕಲ್ಲು

ಕಾಂಪೌಂಡ್ ಗೋಡೆ ಫಳಫಳ ಹೊಳೆಯುತ್ತಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಗೇಟಿನಾಚೆಗೂ ಹಬ್ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತಂತಿಬ್ರಷ್ ಹಿಡಿದು ಚಿಕ್ಕಮ್ಮ ಯುದ್ಧ ಗೆದ್ದವಳ ಹಾಗೆ ನಿಂತಿದ್ದಳು.

"ನೋಡೇ, ನೀನು ಬರ್ತೀಯ ಅಂತ ಬೆಳಗ್ಗೆಯಿಂದ ಒಂದೇ ಸಮ ಉಜ್ಜಿದ್ದೀನಿ. ನಾಳೆ ದೊಡ್ಡ ದೊಡ್ಡವರೆಲ್ಲ ಇದರ ಫೋಟೋ ನೋಡ್ತಾರೆ ಅಂದಿದ್ದೆಯಲ್ಲ. ಪಾಚಿ ಹಿಡಿದ ಗೋಡೆ ತೋರಿಸಿದ್ರೆ ನಮ್ಮ ಮನೆ ಮಾನ ಏನಾಗಬೇಕು?"

ಅಕ್ಕನ ಮಗಳು ಕ್ಯಾಮೆರಾ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅವಳ ಹೊಟ್ಟೆಪಾಡೇ ಆ ಪಾಚಿ. ಪಾಚಿಯೂ ಅಲ್ಲ, ಕಲ್ಲುಹೂವು. ಕಲ್ಲಿಗೆ, ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಈ ಬೂದುಹಸಿರು ಜೀವ ಗಾಳಿ ಕೆಟ್ಟರೆ ಎಲ್ಲರಿಗಿಂತ ಮೊದಲು ಸಾಯುತ್ತದೆ, ಗಾಳಿ ತಿಳಿಯಾದರೆ ಅವಸರವಿಲ್ಲದೆ ಮರಳುತ್ತದೆ. ಚೌಕಳಿ ಗೆರೆಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿಹಿಡಿದು, ಅದು ಎಷ್ಟು ಹಬ್ಬಿದೆ ಎಂದು ಪ್ರತಿ ವರ್ಷ ಅಳೆಯುವುದು ಅವಳ ಕೆಲಸ.

ಬೀದಿಯ ತುದಿಯಲ್ಲಿದ್ದ ಸೀಸ ಕರಗಿಸುವ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾಗಿದ್ದವು. ಈಗ ಮತ್ತೆ ಕುಲುಮೆ ಹೊತ್ತಿಸಲು ಮಾಲೀಕರು ಅನುಮತಿ ಕೇಳಿದ್ದರು. ಗಾಳಿ ಕೆಡಿಸಿದ್ದು ತಮ್ಮ ಚಿಮಣಿಯಲ್ಲ, ರಸ್ತೆಯ ಲಾರಿಗಳು ಎನ್ನುವುದು ಅವರ ವಾದ. ಲಾರಿಗಳು ಈಗಲೂ ಓಡುತ್ತಿವೆ, ನಿಂತದ್ದು ಚಿಮಣಿ ಒಂದೇ, ಅದು ನಿಂತ ಮೇಲೆ ಕಲ್ಲುಹೂವು ವಾಪಸು ಬಂದಿದೆ ಎಂದು ನಾಳೆಯ ವಿಚಾರಣೆಯಲ್ಲಿ ತೋರಿಸಬೇಕಿತ್ತು. ಬೀದಿಯ ಮಿಕ್ಕವರೆಲ್ಲ ಗೋಡೆಗೆ ಬಣ್ಣ ಬಳಿಸಿಬಿಟ್ಟಿದ್ದರು. ಉಳಿದ ಸಾಕ್ಷಿ ಚಿಕ್ಕಮ್ಮನ ಈ ಗೋಡೆಯೊಂದೇ.

"ಚಿಕ್ಕಮ್ಮಾ, ನಾನು ಅಳೀಬೇಕಾಗಿದ್ದೇ ಅದನ್ನ."

"ಯಾವುದನ್ನ?"

"ನೀನು ಉಜ್ಜಿ ತೆಗೆದಿದ್ದನ್ನ."

ಚಿಕ್ಕಮ್ಮನ ಕೈಯಿಂದ ಬ್ರಷ್ ಜಾರಿತು. "ಅಯ್ಯೋ! ಗೋಡೆ ಎಷ್ಟು ಕೊಳಕಾಗಿದೆ ಅಂತ ಬರ್ಕೊಂಡು ಹೋಗ್ತಿದ್ದೀಯ ಅಂದ್ಕೊಂಡಿದ್ನಲ್ಲೇ ಇಷ್ಟು ವರ್ಷ! ನೀನು ನಮ್ಮವಳು, ಬಾಯಿ ಬಿಟ್ಟು ಹೇಳೋಕೆ ಸಂಕೋಚ ಪಡ್ತಿದ್ದೀಯ ಅಂತ..."

ಅಕ್ಕನ ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಯಾರನ್ನು ಬೈಯುವುದು? ಮೆಟ್ಟಿಲ ಮೇಲೆ ಕುಸಿದು ಕೂತಳು. ಈ ಗೋಡೆಯ ಹುಚ್ಚು ಹಿಡಿಸಿದ್ದೇ ಚಿಕ್ಕಪ್ಪ. ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು. ಸಂಜೆ ಅಂಗಡಿ ಮುಚ್ಚಿ ಬಂದು ಗೋಡೆಯ ಬುಡದ ಕಲ್ಲಿನ ಮೇಲೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಒಮ್ಮೆ ತನ್ನ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಅವಳ ಕಣ್ಣಿಗಿಟ್ಟು, "ಗೋಡೆ ನೋಡು" ಎಂದಿದ್ದ. ಗೋಡೆಯ ಮೇಲೆ ಒಂದು ಕಾಡೇ ಇತ್ತು! ಎಷ್ಟು ಕರೆದರೂ ಒಳಗೆ ಬರದ ಅವಳಿಗೆ ಅಂದೇ 'ಪಾಚಿ ಇನ್ಸ್‌ಪೆಕ್ಟರ್' ಎಂದು ಹೆಸರಿಟ್ಟ. ಆಮೇಲೆ ಕಾರ್ಖಾನೆ ಬಂತು. ಕಾಡು ಉದುರಿತು, ಗೋಡೆ ಬೋಳಾಯಿತು, ಚಿಕ್ಕಪ್ಪನಿಗೆ ಕೆಮ್ಮು ಅಂಟಿಕೊಂಡಿತು. ವಯಸ್ಸಾಯಿತು, ಅದಕ್ಕೇ ಕೆಮ್ಮು ಎಂದರು ಡಾಕ್ಟರು.

ಅವಳು ಮೊದಲ ಸಲ ಇಲಾಖೆಯ ಗುರುತಿನ ಚೀಟಿ ತಗುಲಿಸಿಕೊಂಡು ಗೋಡೆ ಅಳೆಯಲು ಬಂದಾಗಲೂ ಅವನು ಆ ಕಲ್ಲು ಬಿಟ್ಟೇಳಲಿಲ್ಲ. "ಇನ್ಸ್‌ಪೆಕ್ಟರೇ, ಫೋಟೋದಲ್ಲಿ ನಾನೂ ಇರ್ತೀನಿ. ಗೋಡೆ ಎಷ್ಟು ದೊಡ್ಡದು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?" ಎಂದು ಕೆಮ್ಮುತ್ತಲೇ ನಕ್ಕಿದ್ದ. ಅವನು ಬದುಕಿರುವವರೆಗೂ ಪ್ರತಿ ವರ್ಷದ ಫೋಟೋದ ಮೂಲೆಯಲ್ಲಿ ಅವನಿದ್ದ. ಅಳತೆಯ ಫೋಟೋದಲ್ಲಿ ಮನುಷ್ಯ ಯಾಕೆ ಎಂದು ಇಲಾಖೆಯ ಸಾಹೇಬರು ಅವಳನ್ನು ಪ್ರತಿ ವರ್ಷ ಬೈದಿದ್ದರು. ಅವನು ಹೋದ ಮೇಲೆ ಅವಳು ಆ ಕಲ್ಲಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಗೋಡೆ ಅಳೆದು, ಬೆನ್ನು ತಿರುಗಿಸಿ, ಸರಸರ ಹೊರಟುಬಿಡುತ್ತಿದ್ದಳು.

ಇವತ್ತು ಅಳೆಯಲು ಗೋಡೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಕಣ್ಣು ತಾನಾಗಿ ಕೆಳಗಿಳಿಯಿತು. ಕಲ್ಲಿನ ಮೇಲೆ ಒಂದು ಹಳೆಯ ಗೋಣಿಚೀಲ ಹರಡಿತ್ತು.

"ಚಿಕ್ಕಮ್ಮಾ, ಇದನ್ನ ಯಾಕೆ ಮುಚ್ಚಿದ್ದೀಯ?"

"ಬ್ಲೀಚಿಂಗ್ ನೀರು ಹಾರಬಾರದು ಅಂತ ಬೆಳಗ್ಗೆ ಹಾಕಿದೆ. ಆ ಕಲ್ಲಿನ ಮೇಲೂ ಪಾಚಿ ಕಟ್ಟಿದೆ ಕಣೇ. ಅದೊಂದನ್ನ ಉಜ್ಜೋಕೆ ಮಾತ್ರ ಕೈ ಬರಲಿಲ್ಲ."

ಚೀಲ ಎತ್ತಿದಳು. ಕೂತು ಕೂತು ನುಣುಪಾಗಿದ್ದ ಕಲ್ಲಿನ ನಡುವೆ, ಸರಿಯಾಗಿ ಅವನು ಕೂರುತ್ತಿದ್ದ ಜಾಗದಲ್ಲೇ, ಕಲ್ಲುಹೂವು ಅಂಗೈಯಗಲ ಅರಳಿತ್ತು. ಅದೂ ಎಲೆಯ ಹಾಗೆ ಬಿಚ್ಚಿಕೊಳ್ಳುವ ಜಾತಿ, ಕುಲುಮೆಯ ಹೊಗೆಯಲ್ಲಿ ಎಂದೂ ಉಳಿಯದಂಥದ್ದು. ಹಳೆಯ ಫೋಟೋಗಳು ನೆನಪಾದವು. ಅವನ ಅಕ್ಕಪಕ್ಕ ಆ ಕಲ್ಲಿನ ಅಂಚುಗಳೆಲ್ಲ ಕಾರ್ಖಾನೆಯ ಕಾಲದಲ್ಲಿ ಎಷ್ಟು ಬೋಳಾಗಿದ್ದವು ಎಂಬುದು ಒಂದೊಂದರಲ್ಲೂ ಇತ್ತು. ಬೈಸಿಕೊಂಡದ್ದೆಲ್ಲ ಒಮ್ಮೆಗೇ ಸಾರ್ಥಕವಾಯಿತು.

ಚೌಕಳಿ ಹಾಳೆ ಇಟ್ಟು, ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದಳು. ಅದು ಅವನದೇ ಭೂತಗನ್ನಡಿ. ನೀರು ತುಂಬಿದ ಕಣ್ಣಿಗೆ ಚೌಕಗಳು ಕಲಸಿಕೊಂಡು, ಎಣಿಕೆ ಮತ್ತೆ ಮತ್ತೆ ತಪ್ಪಿತು.

ಚಿಕ್ಕಮ್ಮ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕುಕ್ಕರಿಸಿದಳು. ಬೆರಳು ಚಾಚಿ, ಮುಟ್ಟದೆ ಹಿಂದೆಗೆದಳು.

"ಅವರ ಜಾಗದಲ್ಲಿ ಯಾರೂ ಕೂರಬಾರದು ಅಂತ ಇಷ್ಟು ವರ್ಷ ಕಾದೆ," ಎಂದಳು. "ನನಗೆ ಗೊತ್ತಿಲ್ಲದ ಹಾಗೆ ಬಂದು ಕೂತುಬಿಟ್ಟಿದ್ದಾರಲ್ಲೇ."