ಸವೆದ ನಗು

ಮನಸ್ಸು ಭಾರವಾಗಿರುವ ಪೈಲಟ್‌ಗೆ ವಿಮಾನದ ಕಾಕ್‌ಪಿಟ್ ಬಾಗಿಲು ತೆರೆದುಕೊಳ್ಳುತ್ತಿರಲಿಲ್ಲ. ಖಿನ್ನತೆಗೆ ಮಾತ್ರೆ ನುಂಗಿದವರಿಗೂ ಅಷ್ಟೇ. ಹಾಗಾಗಿ ಮಗಳು ತೀರಿಕೊಂಡ ಮೇಲೆ ಕ್ಯಾಪ್ಟನ್ ಮಾಚಯ್ಯ ಮಾತ್ರೆ ಮುಟ್ಟದೆ, ಪ್ರತಿ ಸಲವೂ ಅವಳ ನಗುವನ್ನು ನೆನೆದು, ಮನಸ್ಸು ಹಗುರವಾಗಿದೆಯೆಂದು ಬಾಗಿಲನ್ನು ನಂಬಿಸುತ್ತಿದ್ದರು. ಬಳಸಿ ಬಳಸಿ ಆ ನಗು ಸವೆಯುತ್ತಾ ಬಂದಿತ್ತು. ಇಂದು ಎಷ್ಟು ಹುಡುಕಿದರೂ ಅದು ಕಿವಿಗೆ ಕೇಳಿಸಲಿಲ್ಲ, ಬಾಗಿಲು ಅಲುಗಲಿಲ್ಲ.

"ಬೇರೆ ಏನಾದ್ರೂ ಖುಷಿಯಾಗಿರೋದು ನೆನಪು ಮಾಡ್ಕೊಳ್ಳಿ ಸರ್," ಎಂದಳು ಹಿಂದೆ ನಿಂತಿದ್ದ ಸಹಪೈಲಟ್ ಲವೀನಾ.

"ಇದೆಯಮ್ಮಾ. ಅವಳು ಮೊದಲ ಸಲ ನನ್ನ ಅಪ್ಪಾ ಅಂತ ಕರೆದದ್ದು ಒಂದು ಉಳ್ಕೊಂಡಿದೆ," ಎಂದರು ಮಾಚಯ್ಯ. "ಅದನ್ನ ಈ ಬಾಗಿಲಿಗೆ ಕೊಡಲ್ಲ."

ಇನ್ನು ಹಾರಾಟವಿಲ್ಲವೆಂದು ತಿಳಿದೇ, ಮಾತ್ರೆ ಕೇಳಲು ಅವರು ವೈದ್ಯರ ಕೋಣೆಯತ್ತ ನಡೆದರು.